ಗದ್ದೆಗಿಳಿದ ಪುಟ್ಟ ಟ್ರಕ್ಕು, ಅದಕ್ಕೊಂದು ಹದ

ದಾಂಡೇಲಿ–ಹಳಿಯಾಳ ರಸ್ತೆಯಲ್ಲಿ ಓಡಾಡುವವರಿಗೆ ಒಂದು ಸಂಗತಿ ಕಿವಿಯಿಂದಲೇ ಗೊತ್ತು. ಕಟ್ಟಿಗೆ ಡಿಪೋದಲ್ಲಿ ನಾಟಾ ಹೇರಿಕೊಂಡು ಹೊರಟ ಲಾರಿ ಗುಂಡಿಗೆ ಇಳಿದರೆ ಒಮ್ಮೆ ಬಗ್ಗುತ್ತದೆ, ಸಾವಕಾಶ ಏಳುತ್ತದೆ, ಮುಂದೆ ಸಾಗುತ್ತದೆ. ಅದೇ ಲಾರಿ ಖಾಲಿಯಾಗಿ ಮರಳುವಾಗ ಅರ್ಧ ಫರ್ಲಾಂಗು ದೂರದಿಂದಲೇ ದಡಬಡ ಸದ್ದು. ಸಣ್ಣ ಕಲ್ಲಿಗೂ ಹಿಂದಿನ ಬಾಡಿ ಕುಪ್ಪಳಿಸುತ್ತದೆ, ಸರಪಳಿ ಕುಣಿಯುತ್ತದೆ, ಕ್ಲೀನರ್ ಹುಡುಗ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಿರುತ್ತಾನೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುವ ಗಾದೆಗೆ ಇದು ಲಾರಿಯವರ ಪಾಠಾಂತರ.

ಲಾರಿ ಅದೇ, ಕಮಾನುಪಟ್ಟಿಯೂ ಅದೇ. ಗ್ಯಾರೇಜಿನವರು ‘ಪಾಟಾ’ ಎನ್ನುವ ಆ ಉಕ್ಕಿನ ಪಟ್ಟಿಗಳನ್ನು ಹೇರಿದ ಭಾರಕ್ಕೆಂದು ಕಟ್ಟಿದ್ದಾರೆ. ಭಾರ ಇಳಿದ ಮೇಲೆ ಅವು ಆ ಗಾಡಿಗೆ ಅತಿ ಗಟ್ಟಿ. ಭಾರ, ಸ್ಪ್ರಿಂಗು, ದಾರಿ ಈ ಮೂರೂ ಒಂದಕ್ಕೊಂದು ಹೊಂದಿದಾಗ ಮಾತ್ರ ಚಕ್ರ ನೆಲ ಬಿಡದೆ ಓಡುತ್ತದೆ. ಈ ಹೊಂದಾಣಿಕೆಗೆ ಇಂಗ್ಲಿಷಿನಲ್ಲಿ ಏನೇನೋ ಹೆಸರುಗಳಿವೆ. ನಮ್ಮಲ್ಲಿ ಒಂದೇ ಮಾತು: ಹದ. ಬಿತ್ತುವ ಮಣ್ಣಿಗೆ ಹದ, ಬೆಲ್ಲದ ಪಾಕಕ್ಕೆ ಹದ, ದೋಸೆಯ ಹಂಚಿಗೆ ಹದ. ಗಾಡಿಗೂ ಹದವೇ.

ಈ ಮಾತು ನನಗೆ ಮತ್ತೆ ನೆನಪಾದದ್ದು ದೊಡ್ಡ ಲಾರಿಯಿಂದಲ್ಲ, ಮೊಣಕಾಲೆತ್ತರಕ್ಕೂ ಬಾರದ ಒಂದು ಟ್ರಕ್ಕಿನಿಂದ.

ಹುಬ್ಬಳ್ಳಿಯಲ್ಲಿ ಓದುವ ಅಣ್ಣನ ಮಗ ಸುಗ್ಗಿ ಮುಗಿದ ಹೊತ್ತಿಗೆ ಊರಿಗೆ ಬಂದಿದ್ದ. ಹಳಿಯಾಳದ ಆಚೆ ನಮ್ಮ ಭತ್ತದ ಗದ್ದೆ ಕೊಯ್ಲಾಗಿ ಖಾಲಿ ಬಿದ್ದಿತ್ತು. ಗೆಳೆಯರ ಜತೆ ಸೇರಿ ಬಿದಿರಿನ ಗೂಟ ನೆಟ್ಟ, ಹಗ್ಗ ಎಳೆದ, ಬದುವನ್ನು ಒಂದು ಕಡೆ ಸವರಿ ಜಿಗಿತಕ್ಕೆ ಏರು ಮಾಡಿದ. ರಿಮೋಟಿನಲ್ಲಿ ಓಡುವ ಮೂರು ಟ್ರಕ್ಕುಗಳ ಪಂದ್ಯಕ್ಕೆ ಕಣ ಸಿದ್ಧವಾಯಿತು. ಅವನ ಟ್ರಕ್ಕೇ ಎಲ್ಲಕ್ಕಿಂತ ದುಬಾರಿಯದು. ಅದಕ್ಕೆ ಹೊರದೇಶದ ಚಾಂಪಿಯನ್ ಒಬ್ಬರ ‘ಸೆಟಪ್ ಶೀಟ್’ ಹುಡುಕಿ, ಸ್ಪ್ರಿಂಗು, ಎಣ್ಣೆ, ಕೋನ ಎಲ್ಲವನ್ನೂ ಚಾಚೂತಪ್ಪದೆ ನಕಲು ಮಾಡಿದ್ದ. ಮೊದಲ ಸುತ್ತಿನಲ್ಲೇ ಅದು ತಿರುವು ಬಿಟ್ಟು ನೇರ ಹೋಗಿ ಹುಲ್ಲಿನ ಬಣವೆಗೆ ಗುದ್ದಿತು. ಎರಡನೆಯ ಸುತ್ತಿನಲ್ಲಿ ಬದು ಹಾರಿ ಮಗುಚಿತು.

“ಕಾಕಾ, ಗಾಡಿ ಹೊಳ್ಳವಲ್ದು ನೋಡ್ರಿ. ಶೀಟಿನ್ಯಾಗ ಇದ್ದಂಗ ಮಾಡೇನಿ.”

ಶೀಟಿನಲ್ಲಿ ಇದ್ದಂತೆಯೇ ಮಾಡಿದ್ದ. ತಪ್ಪು ಎಲ್ಲಿತ್ತೆಂದು ಗೊತ್ತಾಗಲು ನಮಗೆ ಎರಡು ಭಾನುವಾರ ಬೇಕಾದವು.

ಹತ್ತರಲ್ಲೊಂದಲ್ಲ, ಸಾವಿರದಲ್ಲೊಂದು

ಆಟಿಕೆ ಅಂಗಡಿಯ ರಿಮೋಟ್ ಕಾರಿಗೂ ಪಂದ್ಯದ ಆರ್‌ಸಿ (ರೇಡಿಯೊ ಕಂಟ್ರೋಲ್) ಟ್ರಕ್ಕಿಗೂ ಹೆಸರಿನ ಸಂಬಂಧವಷ್ಟೇ. ಇದರಲ್ಲಿ ನಾಲ್ಕು ಚಕ್ರಕ್ಕೂ ಬೇರೆ ಬೇರೆ ತೋಳು, ಪ್ರತಿ ತೋಳಿಗೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್, ಒಳಗೆ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇದೆ. ಬಿಡಿಸಿ ಹಾಸಿದರೆ ಜಮಖಾನೆ ತುಂಬುವಷ್ಟು ಬಿಡಿಭಾಗಗಳು. ಜಪಾನಿನ ಶಿಜುವೊಕಾ ಊರಿನ ತಮಿಯಾ ಕಂಪನಿ 1976ರಲ್ಲಿ ತನ್ನ ಮೊದಲ ಆರ್‌ಸಿ ಕಾರು ತಂದಿತು, 1979ರಲ್ಲಿ ಮಣ್ಣಿನಲ್ಲಿ ಓಡುವವನ್ನೂ ಕೊಟ್ಟಿತು. 1984ರಲ್ಲಿ ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಕಂಪನಿಯ ‘ಆರ್‌ಸಿ10’ ಬಂದಾಗ ಈ ಆಟ ಗಂಭೀರ ಪಂದ್ಯವಾಯಿತು. ಅದಕ್ಕೆ ಅಲ್ಯೂಮಿನಿಯಂ ತಳ, ಎಣ್ಣೆಯ ಶಾಕ್ ಇದ್ದವು. ಮರುವರ್ಷವೇ ಅದೇ ರಾಜ್ಯದ ಡೆಲ್ ಮಾರ್‌ನಲ್ಲಿ ಹತ್ತರಲ್ಲೊಂದು ಅಳತೆಯ ಮಣ್ಣಿನ ಗಾಡಿಗಳ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2008ರಲ್ಲಿ ಟೆಕ್ಸಾಸಿನ ಟ್ರ್ಯಾಕ್ಸಾಸ್ ಕಂಪನಿಯ ‘ಸ್ಲ್ಯಾಷ್’ ಬಂದ ಮೇಲೆ ‘ಶಾರ್ಟ್ ಕೋರ್ಸ್’ ಟ್ರಕ್ಕುಗಳ ಓಟಕ್ಕೆ ಎಲ್ಲಿಲ್ಲದ ಕಳೆ ಬಂತು. ನಮ್ಮ ದೇಶದಲ್ಲಿ ಈ ಹುಚ್ಚು ಹೆಚ್ಚಾಗಿ ಹಬ್ಬಿದ್ದು ಎಂಜಿನಿಯರಿಂಗ್ ಕಾಲೇಜುಗಳ ತಾಂತ್ರಿಕ ಹಬ್ಬಗಳ ಮೂಲಕ. ಇಂದೋರ್ ಬಳಿಯ ಪೀಥಂಪುರದಲ್ಲಿ 2007ರಿಂದ ನಡೆದುಬಂದ ‘ಬಾಹಾ’ ಸ್ಪರ್ಧೆಗೆ ವಿದ್ಯಾರ್ಥಿಗಳು ಮನುಷ್ಯ ಕೂರುವ ಗಾಡಿಯನ್ನೇ ಕಟ್ಟುತ್ತಾರೆ. ಅಲ್ಲಿ ತಲೆ ಕೆಡಿಸುವ ಲೆಕ್ಕಗಳೇ ಈ ಪುಟ್ಟ ಟ್ರಕ್ಕಿನಲ್ಲೂ ಇವೆ.

ಹತ್ತರಲ್ಲೊಂದು ಅಳತೆ ಎಂದಾಗ ಮನಸ್ಸು ಒಂದು ತಪ್ಪು ಮಾಡುತ್ತದೆ. ಉದ್ದ ಹತ್ತರಲ್ಲೊಂದು, ಅಗಲವೂ ಎತ್ತರವೂ ಹತ್ತರಲ್ಲೊಂದು. ಮೂರನ್ನೂ ಗುಣಿಸಿದರೆ ಗಾತ್ರ ಸಾವಿರದಲ್ಲೊಂದು. 2,000 ಕಿಲೊ ತೂಗುವ ಪಿಕಪ್ ಗಾಡಿಯನ್ನು ಹೀಗೆ ಕುಗ್ಗಿಸಿದರೆ ತೂಕ 200 ಕಿಲೊ ಆಗುವುದಿಲ್ಲ, 2 ಕಿಲೊಗೆ ಇಳಿಯುತ್ತದೆ. ಬ್ಯಾಟರಿ ಸೇರಿ ಈ ಟ್ರಕ್ಕುಗಳು ತೂಗುವುದೂ ಎರಡು ಕಿಲೊಗಿಂತ ಸ್ವಲ್ಪ ಹೆಚ್ಚು.

ಗಾಡಿ ಕುಗ್ಗಿತು, ಲೋಕ ಕುಗ್ಗಲಿಲ್ಲ. ನಮ್ಮ ಕಡೆಯ ಮೊರಮಿನ ದಾರಿಯಲ್ಲಿ ಬಿದ್ದಿರುವ 2 ಸೆಂಟಿಮೀಟರಿನ ಹರಳು ದೊಡ್ಡ ಗಾಡಿಗೆ ಲೆಕ್ಕಕ್ಕಿಲ್ಲ. ಪುಟ್ಟ ಟ್ರಕ್ಕಿಗೆ ಅದು ಗೇಣೆತ್ತರದ ಬಂಡೆಯಿದ್ದಂತೆ. ಭೂಮಿಯ ಸೆಳೆತವೂ ಅಷ್ಟೇ ಇದೆ. ಬದು ಹಾರಿ 1 ಮೀಟರ್ ಮೇಲಿಂದ ಬಿದ್ದರೆ ನೆಲ ಮುಟ್ಟಲು 0.45 ಸೆಕೆಂಡು, ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 16 ಕಿಲೊಮೀಟರ್. ಅಳತೆಗೆ ಅಳತೆ ಹಿಡಿದರೆ ಇದು ದೊಡ್ಡ ಗಾಡಿಯೊಂದು ಮೂರು ಮಹಡಿಯ ಮೇಲಿಂದ ಬಿದ್ದಂತೆ. ಅಂಥ ಏಟು ತಿಂದೂ ಮುರಿಯದೆ ಓಡಬೇಕು, ಓಡುವುದಷ್ಟೇ ಅಲ್ಲ, ತಿರುಗಬೇಕು. ಅದಕ್ಕೇ ಇಲ್ಲಿ ಸಸ್ಪೆನ್ಷನ್ ಎನ್ನುವುದು ಸುಖಪ್ರಯಾಣದ ಮಾತಲ್ಲ. ಗೆಲುವು ಸೋಲು ಎರಡೂ ಅದರ ಕೈಯಲ್ಲಿವೆ.

ಸ್ಪ್ರಿಂಗು ಎತ್ತುತ್ತದೆ, ಎಣ್ಣೆ ತಡೆಯುತ್ತದೆ

ಸ್ಪ್ರಿಂಗಿನ ಗುಣ ತಿಳಿಯಲು ಒಂದು ಸುಲಭದ ಲೆಕ್ಕವಿದೆ. ಗಾಡಿಯ ಭಾರಕ್ಕೆ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ಕುಗ್ಗಿದೆಯೆಂದು ಚಕ್ರದ ಬಳಿ ಅಳೆದು, ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಬರುವ ಉತ್ತರವೇ ಆ ಗಾಡಿ ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಎನ್ನುವುದು. ಖಾಲಿ ಲಾರಿಯ ಪಾಟಾ 4 ಸೆಂಟಿಮೀಟರ್ ಕುಗ್ಗಿದ್ದರೆ ಕುಣಿತ ಸೆಕೆಂಡಿಗೆ ಎರಡೂವರೆ ಸಲ. ನಾಟಾ ಹೇರಿದ ಮೇಲೆ 16 ಸೆಂಟಿಮೀಟರ್ ಕುಗ್ಗಿದರೆ ಒಂದೂಕಾಲು ಸಲ. ಡಿಪೋದ ದಾರಿಯಲ್ಲಿ ಕೇಳುವ ದಡಬಡ ಸದ್ದಿನ ಗುಟ್ಟು ಇಷ್ಟೇ. ಪುಟ್ಟ ಟ್ರಕ್ಕಿನ ಸ್ಪ್ರಿಂಗು ಕುಗ್ಗುವುದು 1 ಸೆಂಟಿಮೀಟರಿನ ಆಸುಪಾಸು, ಅಂದರೆ ಅದರ ಕುಣಿತ ಸೆಕೆಂಡಿಗೆ ಐದು ಸಲ. ಕಣ್ಣಿಗೆ ಅದು ಕುಣಿತವಾಗಿ ಕಾಣುವುದೇ ಇಲ್ಲ, ಬರೀ ನಡುಕವಾಗಿ ಕಾಣುತ್ತದೆ. ಓಡುವಾಗ ಟ್ರಕ್ಕು ಏನು ಮಾಡಿತೆಂದು ತಿಳಿಯಬೇಕಾದರೆ ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆದು ನೋಡುವುದೇ ಲೇಸು.

ಹೊಸಬರು ಮಾಡುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡಬೇಕು. ಶಾಕ್‌ನ ಮೇಲಿರುವ ಕಾಲರ್ ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗೇನೂ ಆಗುವುದಿಲ್ಲ, ಗಾಡಿ ಮೇಲೇಳುತ್ತದೆ ಅಷ್ಟೆ. ಗಟ್ಟಿ ಬೇಕಿದ್ದರೆ ಬೇರೆ ಸ್ಪ್ರಿಂಗನ್ನೇ ಹಾಕಬೇಕು. ಕಾಲರ್ ಇರುವುದು ಎತ್ತರ ಹೊಂದಿಸಲು. ಬ್ಯಾಟರಿ ಹಾಕಿ, ಒಂದು ಗೇಣು ಮೇಲಿಂದ ಟ್ರಕ್ಕನ್ನು ನೆಲಕ್ಕೆ ಬಿಡಿ. ಅದು ಕುಣಿದು ನಿಂತಾಗ ತೋಳುಗಳು ನೆಲಕ್ಕೆ ಸಮಾನಾಂತರವಾಗಿದ್ದರೆ ಶುರುವಿಗೆ ಅಷ್ಟು ಸಾಕು. ತಳ ನೆಲದಿಂದ ಸುಮಾರು 25 ಮಿಲಿಮೀಟರ್ ಮೇಲಿರುತ್ತದೆ.

ಸ್ಪ್ರಿಂಗಿಗೆ ಬುದ್ಧಿಯಿಲ್ಲ. ಒತ್ತಿದಷ್ಟೂ ತಿರುಗಿ ಒದೆಯುತ್ತದೆ. ಅದರ ಹಾರಾಟಕ್ಕೆ ಮೂಗುದಾರ ಹಾಕುವುದು ಎಣ್ಣೆ. ಶಾಕ್‌ನ ಕೊಳವೆಯಲ್ಲಿ ಸಿಲಿಕೋನ್ ಎಣ್ಣೆ ತುಂಬಿರುತ್ತದೆ, ಅದರೊಳಗೆ ಸಣ್ಣ ತೂತುಗಳಿರುವ ಪಿಸ್ಟನ್ ಓಡಾಡುತ್ತದೆ. ಪಿಸ್ಟನ್ ಸರಿಯಬೇಕೆಂದರೆ ಎಣ್ಣೆ ಆ ತೂತಿನಲ್ಲಿ ನುಸುಳಬೇಕು, ತಡೆ ಹುಟ್ಟುವುದು ಅಲ್ಲೇ. ಎಣ್ಣೆಯ ಮಂದತನವನ್ನು ‘ವೇಟ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಕಂಪನಿಯ 30 ವೇಟ್ ಇನ್ನೊಂದರ 30ಕ್ಕೆ ಸರಿಹೊಂದುವುದಿಲ್ಲವಾದ್ದರಿಂದ ಬಲ್ಲವರು ಸೆಂಟಿಸ್ಟೋಕ್ಸ್ ಲೆಕ್ಕ ನೋಡುತ್ತಾರೆ. ನೀರು ಹೆಚ್ಚುಕಡಿಮೆ 1 ಸೆಂಟಿಸ್ಟೋಕ್ಸ್, 30 ವೇಟ್ ಎಣ್ಣೆ ಸುಮಾರು 350.

ಎಣ್ಣೆ ತೀರ ತೆಳುವಾದರೆ ಟ್ರಕ್ಕು ಚೆಂಡಿನಂತೆ ಪುಟಿಯುತ್ತದೆ. ಹಾಗಾದರೆ ಮಂದವಾದಷ್ಟೂ ಒಳ್ಳೆಯದೇ? ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿ ಓಡುವ ಟ್ರಕ್ಕು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಗದ್ದೆಯಲ್ಲಿ ಅರ್ಧ ಅರ್ಧ ಮೀಟರಿಗೆ ಒಂದು ಉಬ್ಬಿದ್ದರೂ ಸೆಕೆಂಡಿಗೆ 22 ಏಟು, ಎರಡು ಏಟುಗಳ ನಡುವೆ ಸಿಗುವುದು 0.05 ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಚಕ್ರ ಮತ್ತೆ ಇಳಿದು ನೆಲ ಹಿಡಿಯಬೇಕು. ಎಣ್ಣೆ ಮಂದವಾಗಿದ್ದರೆ ಇಳಿಯುವ ಮೊದಲೇ ಮುಂದಿನ ಏಟು ಬೀಳುತ್ತದೆ. ಏಟಿಗೊಂದಿಷ್ಟು ಚಕ್ರ ಮೇಲೇರುತ್ತ ಹೋಗಿ ಕೊನೆಗೆ ಟ್ರಕ್ಕು ಕುಕ್ಕರಗಾಲಲ್ಲಿ ಓಡಿದಂತಾಗುತ್ತದೆ. ಆಗ ಗಾಡಿಗೆ ಸ್ಪ್ರಿಂಗು ಇದ್ದೂ ಇಲ್ಲದಂತೆ.

ಪಿಸ್ಟನ್ನಿನ ತೂತಿಗೂ ಒಂದು ಸೂಕ್ಷ್ಮವಿದೆ. ತೆಳು ಎಣ್ಣೆಗೆ ಸಣ್ಣ ತೂತು, ಮಂದ ಎಣ್ಣೆಗೆ ದೊಡ್ಡ ತೂತು ಇಟ್ಟರೆ ಕೈಯಲ್ಲಿ ಒತ್ತುವಾಗ ಎರಡೂ ಒಂದೇ ಅನಿಸಬಹುದು. ಓಟದಲ್ಲಿ ಒಂದೇ ಅಲ್ಲ. ಪಿಸ್ಟನ್ ಜೋರಾಗಿ ಸರಿದಾಗ ಸಣ್ಣ ತೂತಿನಲ್ಲಿ ಎಣ್ಣೆ ಸಿಕ್ಕಿಹಾಕಿಕೊಂಡು ತಡೆ ಥಟ್ಟನೆ ಏರುತ್ತದೆ. ಎತ್ತರದಿಂದ ಬೀಳುವಾಗ ಇದು ವರ, ತಳ ನೆಲಕ್ಕೆ ಬಡಿಯದಂತೆ ಕಾಯುತ್ತದೆ. ಉಬ್ಬುತಗ್ಗಿನ ಸಾಲಿನಲ್ಲಿ ಇದೇ ಶಾಪ. ಜಿಗಿತ ಹೆಚ್ಚಿರುವ ಕಣಕ್ಕೆ ಸಣ್ಣ ತೂತು, ಒರಟು ಕಣಕ್ಕೆ ದೊಡ್ಡ ತೂತು ಎನ್ನುವ ರೂಢಿ ಬಂದದ್ದು ಹೀಗೆ.

ಎಣ್ಣೆ ತುಂಬುವುದಕ್ಕೂ ತಾಳ್ಮೆ ಬೇಕು. ಒಳಗೆ ಒಂದು ಗುಳ್ಳೆ ಉಳಿದರೂ ಆ ಶಾಕ್ ಉಳಿದ ಮೂರರಂತೆ ನಡೆಯದು. ತುಂಬಿದ ಮೇಲೆ ಪಿಸ್ಟನ್ನನ್ನು ನಿಧಾನ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಮೇಲೇರಲು ಬಿಟ್ಟು, ಆಮೇಲೆ ಮುಚ್ಚಳ ಹಾಕಬೇಕು. ಎಡಬಲದ ಜೋಡಿಯನ್ನು ಒಟ್ಟಿಗೆ ಹಿಡಿದು ಒತ್ತಿ ನೋಡಿ, ಕಿವಿಯ ಹತ್ತಿರ ಹಿಡಿದು ಕೇಳಿ. ಒಂದು ‘ಚುಯ್’ ಎಂದು ಇನ್ನೊಂದು ಸುಮ್ಮನಿದ್ದರೆ ಗಾಳಿ ಉಳಿದಿದೆ ಎಂದೇ ಲೆಕ್ಕ.

ಮೂಕಿಭಾರ, ಹಿಂಭಾರ

ಚಕ್ಕಡಿ ಹೇರಿದವರಿಗೆ ಮುಂದಿನ ಪಾಠವನ್ನು ಯಾರೂ ಹೇಳಿಕೊಡಬೇಕಿಲ್ಲ. ಕಬ್ಬನ್ನೋ ಹುಲ್ಲನ್ನೋ ತೀರ ಮುಂದಕ್ಕೆ ಹೇರಿದರೆ ಮೂಕಿ ಬಗ್ಗಿ ನೊಗ ಎತ್ತಿನ ಹೆಗಲನ್ನು ತುಳಿಯುತ್ತದೆ. ಹಿಂದಕ್ಕೆ ಹೇರಿದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಕಟ್ಟಿದ ಹಗ್ಗ ಬಿಗಿಯುತ್ತದೆ. ಹೇರುವುದರ ಜಾಣ್ಮೆಯೆಲ್ಲ ಅಚ್ಚಿನ ಮೇಲೆ ಭಾರ ಕೂರಿಸುವುದರಲ್ಲಿದೆ.

ಪುಟ್ಟ ಟ್ರಕ್ಕಿನಲ್ಲಿ ಸರಿಸಬಹುದಾದ ದೊಡ್ಡ ಭಾರ ಬ್ಯಾಟರಿ. ಅದನ್ನು ಹಿಂದೆ ಸರಿಸಿದರೆ ಹಿಂಚಕ್ರದ ಮೇಲೆ ಭಾರ ಕೂತು ಪುಡಿಮಣ್ಣಿನಲ್ಲೂ ಒದ್ದುಕೊಂಡು ಮುನ್ನುಗ್ಗುತ್ತದೆ. ಮುಂದಿನದು ಹಗುರಾಗುವುದರಿಂದ ತಿರುವಿನಲ್ಲಿ ಮೂತಿ ಮಾತು ಕೇಳದು. ಮುಂದೆ ಸರಿಸಿದರೆ ಮೂತಿ ಚುರುಕು, ಬಾಲ ಸಡಿಲ. ಹಿಂಚಕ್ರ ಮಾತ್ರ ಎಳೆಯುವ ಗಾಡಿಗಳಲ್ಲಿ ಮೋಟರನ್ನು ಎಲ್ಲಿ ಕೂರಿಸಬೇಕೆಂಬ ಚರ್ಚೆಯೂ ಇದೇ. ಪುಡಿಮಣ್ಣಿನ ಕಣದಲ್ಲಿ ಅದು ಹಿಂದಿನ ಅಚ್ಚಿನ ಆಚೆಗಿದ್ದರೆ ಒಳಿತು, ಅಂಟಿ ಹಿಡಿಯುವ ಕಣದಲ್ಲಿ ನಡುವಿಗೆ ಬಂದರೆ ಒಳಿತು.

ತಿರುವಿನಲ್ಲಿ ಗಾಡಿ ಮಾಡುವ ತಂಟೆಗಳು ಎರಡೇ. ಒಂದು, ಮೂತಿ ನೇರ ಹೋಗುವುದು. ಇನ್ನೊಂದು, ಬಾಲ ಬೀಸುವುದು. ಯಾವ ತುದಿ ನೆಲ ಬಿಡುತ್ತಿದೆಯೋ ಆ ತುದಿಯ ಸ್ಪ್ರಿಂಗನ್ನು ಮೆದು ಮಾಡುವುದು ಮೊದಲ ಮದ್ದು. ಮೆದುವಾದ ತುದಿಯಲ್ಲಿ ಎಡ ಬಲ ಚಕ್ರಗಳು ಭಾರವನ್ನು ಹೆಚ್ಚು ಸಮವಾಗಿ ಹಂಚಿಕೊಳ್ಳುತ್ತವೆ, ಹಿಡಿತ ಮರಳುತ್ತದೆ. ಗಾಡಿ ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳಿಗೂ ಇದೇ ನ್ಯಾಯ. ಅಂಟುವ ಕಣದಲ್ಲಿ ಅದು ಗಾಡಿಯನ್ನು ಮಗುಚದಂತೆ ಕಾಯುತ್ತದೆ. ಪುಡಿಮಣ್ಣಿನಲ್ಲಿ ಇದ್ದ ಹಿಡಿತವನ್ನೂ ಕಸಿಯುತ್ತದೆ.

ಚಕ್ರದ ಕೋನಗಳು ಉಪ್ಪಿನಂತೆ, ಚಿಟಿಕೆ ಹೆಚ್ಚಾದರೂ ಊಟ ಕೆಡುತ್ತದೆ. ಹಿಂಚಕ್ರಗಳ ಮುಂತುದಿ ಒಳಕ್ಕೆ ಹೊರಳಿರುವುದಕ್ಕೆ ‘ಟೋ-ಇನ್’ ಎನ್ನುತ್ತಾರೆ, ಸಾಮಾನ್ಯವಾಗಿ 3 ಡಿಗ್ರಿ. ಹೆಬ್ಬೆರಳು ಒಳಕ್ಕಿಟ್ಟು ಕೆಸರಿನಲ್ಲಿ ನಡೆಯುವವರಂತೆ ಇದು ಬಾಲವನ್ನು ನೆಟ್ಟಗಿಡುತ್ತದೆ. ಚಕ್ರದ ನೆತ್ತಿ ಗಾಡಿಯ ಕಡೆಗೆ 1ರಿಂದ 2 ಡಿಗ್ರಿ ವಾಲಿರಬೇಕು, ಇದು ಕ್ಯಾಂಬರ್. ತಿರುವಿನಲ್ಲಿ ಗಾಡಿ ವಾಲಿದಾಗ ಹೊರಗಿನ ಟೈರು ಪೂರ್ತಿ ಅಗಲದಲ್ಲಿ ನೆಲಕ್ಕೆ ಕೂರಲೆಂದೇ ಈ ವಾಲು. ಎರಡು ಸುತ್ತು ಓಡಿಸಿ ಟೈರಿನ ಸವೆತ ನೋಡಿ. ಒಳಂಚು ಮಾತ್ರ ಸವೆದಿದ್ದರೆ ವಾಲು ಹೆಚ್ಚಾಗಿದೆ.

ಡಿಫರೆನ್ಷಿಯಲ್ ವಿಷಯವನ್ನು ಟ್ರ್ಯಾಕ್ಟರ್ ಓಡಿಸುವವರಿಗೆ ಒಂದೇ ಮಾತಿನಲ್ಲಿ ಹೇಳಬಹುದು. ಕೆಸರಿನಲ್ಲಿ ಒಂದು ಚಕ್ರ ಸುಮ್ಮನೆ ತಿರುಗತೊಡಗಿದಾಗ ಡಿಫ್ ಲಾಕ್ ತುಳಿಯುತ್ತೇವೆ, ಎರಡೂ ಚಕ್ರ ಒಟ್ಟಿಗೆ ತಿರುಗಿ ಗಾಡಿ ಮೇಲೇಳುತ್ತದೆ. ತುಳಿದುಕೊಂಡೇ ಸ್ಟೇರಿಂಗ್ ತಿರುಗಿಸಿದರೆ ಟ್ರ್ಯಾಕ್ಟರ್ ಹಟ ಮಾಡುತ್ತದೆ. ಪುಟ್ಟ ಟ್ರಕ್ಕಿನ ಡಿಫರೆನ್ಷಿಯಲ್‌ಗೆ ಸಾವಿರಗಟ್ಟಲೆ ಸೆಂಟಿಸ್ಟೋಕ್ಸಿನ, ಜೇನಿನಂಥ ಎಣ್ಣೆ ತುಂಬುತ್ತಾರೆ. ಎಣ್ಣೆ ಮಂದವಾದಷ್ಟೂ ಅರೆಬರೆ ಡಿಫ್ ಲಾಕ್ ತುಳಿದಂತೆ. ಎಳೆತ ಹೆಚ್ಚು, ತಿರುವು ಕಷ್ಟ.

ಗಾಳಿಯಲ್ಲಿ ಗಾಡಿ

ಬದು ಹಾರಿದ ಮೇಲೆ ಸಸ್ಪೆನ್ಷನ್ನಿಗೆ ಕೆಲಸವಿಲ್ಲ, ಚಾಲಕನಿಗಿದೆ. ಗಾಳಿಯಲ್ಲಿರುವಾಗ ಎಕ್ಸಲೇಟರ್ ಒತ್ತಿದರೆ ಚಕ್ರಗಳು ಮುಂದಕ್ಕೆ ಜೋರಾಗಿ ತಿರುಗುತ್ತವೆ, ಅದಕ್ಕೆ ಪ್ರತಿಯಾಗಿ ಗಾಡಿಯ ಮೈ ಹಿಂದಕ್ಕೆ ತಿರುಗಿ ಮೂತಿ ಮೇಲೇಳುತ್ತದೆ. ಬ್ರೇಕ್ ಒತ್ತಿದರೆ ಚಕ್ರದ ಸುತ್ತು ಮೈಗೆ ಬಂದು ಮೂತಿ ಇಳಿಯುತ್ತದೆ. ಪಳಗಿದವರು ಅರ್ಧ ಸೆಕೆಂಡಿನ ಹಾರಾಟದಲ್ಲಿ ಈ ಎರಡು ಬೆರಳಾಟದಿಂದಲೇ ನಾಲ್ಕೂ ಚಕ್ರ ಒಟ್ಟಿಗೆ ನೆಲ ಮುಟ್ಟುವಂತೆ ಇಳಿಸುತ್ತಾರೆ. ಶಾರ್ಟ್ ಕೋರ್ಸ್ ಟ್ರಕ್ಕುಗಳಿಗೆ ಇನ್ನೊಂದು ಕಾಟವಿದೆ. ಅಗಲವಾದ ಬಾಡಿಯ ಕೆಳಗೆ ಗಾಳಿ ತುಂಬಿ, ಛತ್ರಿಯಂತೆ ಮೂತಿಯನ್ನು ಎತ್ತಿಬಿಡುತ್ತದೆ. ಗಾಳಿ ಹೊರಹೋಗಲೆಂದು ಬಾಡಿಯ ಹಿಂಭಾಗದಲ್ಲಿ ಕಿಂಡಿ ಕತ್ತರಿಸುವುದು ಅದಕ್ಕೇ.

ನಮ್ಮ ಟ್ರಕ್ಕು ಮಗುಚಿದ್ದರ ಕಾರಣ ನಿಧಾನಗತಿಯ ವಿಡಿಯೊದಲ್ಲಿ ಸಿಕ್ಕಿತು. ಹಾರುವ ಮೊದಲೇ, ಬದುವಿನ ಏರಿನಲ್ಲಿ ಮಂದ ಎಣ್ಣೆಯ ಹಿಂದಿನ ಶಾಕ್ ಕುಗ್ಗದೆ ಇಡೀ ಹಿಂಭಾಗವನ್ನು ಮೇಲಕ್ಕೆ ಒದೆಯುತ್ತಿತ್ತು. ಹುಡುಗನ ಬೆರಳಿನ ತಪ್ಪೇನೂ ಇರಲಿಲ್ಲ.

ಅಖಾಡದ ಮಣ್ಣು

ಇಷ್ಟೆಲ್ಲ ಹೇಳಿದ ಮೇಲೂ ಆರ್‌ಸಿ ಪಂದ್ಯದ ಹಳಬರು ಒಂದು ಮಾತನ್ನು ಒಪ್ಪುತ್ತಾರೆ: ಟೈರು ತಪ್ಪಿದ್ದರೆ ಉಳಿದದ್ದೆಲ್ಲ ವ್ಯರ್ಥ. ಟೈರು ಸರಿಯೋ ತಪ್ಪೋ ಎನ್ನುವುದನ್ನು ಮಣ್ಣು ಹೇಳುತ್ತದೆ.

ಹಳಿಯಾಳ ಕುಸ್ತಿಗೆ ಹೆಸರಾದ ಊರು. ಅಖಾಡದ ಮಣ್ಣು ಎಲ್ಲಿಂದಲೋ ತಂದು ಸುರಿದ ಮಣ್ಣಲ್ಲ. ಜರಡಿ ಹಿಡಿದು, ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ, ತುಳಿದು ಹದ ಮಾಡಿದ ಮಣ್ಣು ಅದು. ಬಿದ್ದರೆ ಪೆಟ್ಟಾಗಬಾರದು, ನಿಂತರೆ ಪಾದ ಜಾರಬಾರದು. ಹೊರದೇಶಗಳ ಆರ್‌ಸಿ ಕಣಗಳನ್ನು ಕಟ್ಟುವವರೂ ಇದೇ ಮಾಡುತ್ತಾರೆ. ಜೇಡಿಮಣ್ಣನ್ನು ಕುಟ್ಟಿ ಕೂರಿಸುತ್ತಾರೆ, ತೇವ ಆರದಿರಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಉದುರಿಸುತ್ತಾರೆ. ಕೆಲವೆಡೆ ಸಕ್ಕರೆ ನೀರನ್ನೇ ಸಿಂಪಡಿಸುತ್ತಾರೆ. ಒಣಗಿದಾಗ ನೆಲ ಅಂಟಂಟಾಗಿ, ಟೈರು ಚರಚರ ಸದ್ದು ಮಾಡುತ್ತ ಹಿಡಿಯುತ್ತದೆ. ಕಬ್ಬು ಬೆಳೆಯುವ, ಸಕ್ಕರೆ ಕಾರ್ಖಾನೆಯೂ ಇರುವ ತಾಲ್ಲೂಕಿನ ನಮಗೆ ಈ ಸುದ್ದಿ ಕೇಳಿ ನಗು ಬಂತು.

ಅಂಥ ಗಟ್ಟಿ, ಅಂಟು ನೆಲದಲ್ಲಿ ಸಣ್ಣ ಹಲ್ಲಿನ ಮೆದು ಟೈರು, ಗಟ್ಟಿ ಸ್ಪ್ರಿಂಗು, ಮಂದ ಎಣ್ಣೆ, ತಗ್ಗಿದ ತಳ ಚೆನ್ನಾಗಿ ನಡೆಯುತ್ತವೆ. ನೆಲದ ಹಿಡಿತವೇ ಹೆಚ್ಚಾಗಿ ಗಾಡಿ ಮಗುಚುವ ಭಯವಿರುವುದರಿಂದ ಎಲ್ಲವನ್ನೂ ಬಿಗಿಯಾಗಿ ಕಟ್ಟುತ್ತಾರೆ. ಪುಡಿ ನೆಲದಲ್ಲಿ ಎಲ್ಲ ತಿರುಗುಮುರುಗು. ಉದ್ದ ಮುಳ್ಳಿನ ಟೈರು ಮೇಲಿನ ಧೂಳನ್ನು ಸೀಳಿ ಕೆಳಗಿನ ಗಟ್ಟಿಯನ್ನು ಹಿಡಿಯಬೇಕು, ಮೆದು ಸ್ಪ್ರಿಂಗು, ತೆಳು ಎಣ್ಣೆ, ಚಕ್ರ ಕೆಳಕ್ಕೆ ಇಳಿಯಲು ಹೆಚ್ಚು ಅವಕಾಶ ಬೇಕು. ಹುಡುಗ ಅಖಾಡದ ಪಟ್ಟನ್ನು ಹುಡಿ ಗದ್ದೆಯಲ್ಲಿ ಹಾಕಲು ಹೋಗಿದ್ದ.

ನಾಲ್ಕು ತಾಲ್ಲೂಕು, ನಾಲ್ಕು ಹದ

ನಮ್ಮ ಕಡೆ ಈ ಪಾಠ ಕಲಿಯಲು ಹೊರದೇಶಕ್ಕೆ ಹೋಗಬೇಕಿಲ್ಲ. ಜೋಯಿಡಾದಿಂದ ಮುಂಡಗೋಡದವರೆಗೆ ಪ್ರಯಾಣ ಮಾಡಿದರೆ ಮಳೆ ಇಳಿಯುತ್ತ ಬರುತ್ತದೆ, ಮಣ್ಣು ಬದಲಾಗುತ್ತ ಬರುತ್ತದೆ.

ಜೋಯಿಡಾ ಘಟ್ಟದ ನೆತ್ತಿಯ ಸೀಮೆ. ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಾಳಿ ನದಿಯನ್ನು ಹಿಡಿದು ನಿಲ್ಲಿಸಿದೆ, ಹಳೆಯ ಸೂಪಾ ಊರು ನೀರಿನಡಿ ಇದೆ. ಮಳೆಗಾಲದಲ್ಲಿ ಇಲ್ಲಿನ ನೆಲ ಜಾರುವ ಕೆಂಪು ರಾಡಿ, ಬೇಸಗೆಯಲ್ಲಿ ಜಂಬಿಟ್ಟಿಗೆಯ ಹರಳು. ರಾಡಿಗೆ ಹಲ್ಲುಗಳ ನಡುವೆ ಅಂತರವಿರುವ ಟೈರು ಬೇಕು, ಇಲ್ಲವಾದರೆ ಕೆಸರು ತುಂಬಿ ಟೈರು ಲಾಡಿನಂತಾಗುತ್ತದೆ. ಟೈರಿನೊಳಗಿನ ಸ್ಪಂಜು ನೀರು ಕುಡಿದು ಭಾರವಾಗುವುದನ್ನೂ ನೋಡಿಕೊಳ್ಳಬೇಕು. ಹರಳಿಗೆ ತಳ ಎತ್ತರ, ಎಣ್ಣೆ ತೆಳು. ಸುತ್ತಲಿನ ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಆದ್ದರಿಂದ ಆಟವೆಲ್ಲ ಊರ ಮೈದಾನದೊಳಗೇ ಇರಬೇಕು.

ದಾಂಡೇಲಿಯಲ್ಲಿ ಕಾಳಿಯ ದಂಡೆಯ ಮರಳು ಕೈಬೀಸಿ ಕರೆಯುತ್ತದೆ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಏರುವ ಜಾಗವಾದ್ದರಿಂದ ಅಲ್ಲಿ ಮೈಮರೆಯುವ ಹಾಗಿಲ್ಲ. ಮರಳಿನ ಪಾಠ ಬೇರೆ: ಬ್ಯಾಟರಿ ಹಿಂದಕ್ಕೆ, ಹಿಂದಿನ ಟೈರಿಗೆ ಪಟ್ಟಿಪಟ್ಟಿಯ ಹಲ್ಲು, ಡಿಫರೆನ್ಷಿಯಲ್ ಎಣ್ಣೆ ಮಂದ. ತಿರುವಿನ ಚುರುಕನ್ನು ಬಿಟ್ಟುಕೊಟ್ಟು ಎಳೆತವನ್ನು ಕೊಳ್ಳಬೇಕು.

ಹಳಿಯಾಳದ ಕೊಯ್ದ ಗದ್ದೆಯಲ್ಲಿ ಭತ್ತದ ಕೂಳೆ ಕಾಲಿಗೆ ಚುಚ್ಚುವಷ್ಟು ಗಟ್ಟಿ. ಎರಡು ಕಿಲೊ ಗಾಡಿಗೆ ಒಂದೊಂದು ಕೂಳೆಯೂ ಏಟು. ಹಲಗೆ ಹೊಡೆದು ಸಮ ಮಾಡಿದರೂ ಸಾಲುಸಾಲು ಉಬ್ಬು ಉಳಿಯುತ್ತದೆ. ಪಿಸ್ಟನ್ನಿಗೆ ದೊಡ್ಡ ತೂತು ಬೇಕಾದದ್ದು ಇಲ್ಲೇ.

ಮುಂಡಗೋಡ ಬಯಲಿನ ಕಡೆಗೆ ತೆರೆದ ತಾಲ್ಲೂಕು. 1966ರಿಂದ ಟಿಬೆಟನ್ನರು ನೆಲೆಸಿ ಬೇಸಾಯ ಮಾಡಿದ ನೆಲವೂ ಇಲ್ಲಿದೆ, ದೀಪಾವಳಿಯ ನಂತರ ಹೋರಿ ಬೆದರಿಸುವ ಸ್ಪರ್ಧೆಗೆ ಜನ ಮುಗಿಬೀಳುವ ಹಳ್ಳಿಗಳೂ ಇವೆ. ಹೋರಿ ಓಡಿದ ಓಣಿಯನ್ನು ಮರುದಿನ ನೋಡಿ. ನಡುವೆ ಕಲ್ಲಿನಂತೆ ತುಳಿದು ಗಟ್ಟಿಯಾದ ಪಟ್ಟಿ, ಎರಡೂ ಬದಿಗೆ ಹಿಟ್ಟಿನಂಥ ಧೂಳು. ಆರ್‌ಸಿ ಕಣವೂ ಓಡುತ್ತ ಓಡುತ್ತ ಹೀಗೇ ಆಗುತ್ತದೆ. ಬೆಳಿಗ್ಗೆ ಪುಡಿಯಾಗಿದ್ದ ದಾರಿ ಸಂಜೆಗೆ ಒಂದೇ ಗಾಲಿಜಾಡಿನಲ್ಲಿ ಗಟ್ಟಿಯಾಗಿರುತ್ತದೆ, ಜಾಡು ಬಿಟ್ಟವನು ಕೆಟ್ಟ. ಬೆಳಗಿನ ಹದ ಸಂಜೆಗೆ ಸಲ್ಲುವುದಿಲ್ಲ. ಬಿಸಿಲೇರಿದಾಗ ಶಾಕ್‌ನ ಎಣ್ಣೆಯೂ ತೆಳುವಾಗುತ್ತದೆ. ಸಿಲಿಕೋನ್ ಆದ್ದರಿಂದ ಬೇರೆ ಎಣ್ಣೆಗಳಿಗಿಂತ ಕಡಿಮೆ, ಆದರೂ ಆಗುತ್ತದೆ.

ಒಂದು ಸಲಕ್ಕೆ ಒಂದೇ

ಇಷ್ಟು ತಿಳಿದವನು ಮೊದಲ ಭಾನುವಾರ ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಹುಡುಗನ ಎದುರು ದೊಡ್ಡವನೆನಿಸಿಕೊಳ್ಳುವ ಉಮೇದಿನಲ್ಲಿ ನಾನು ಮುಂದಿನ ಸ್ಪ್ರಿಂಗು ಬದಲಿಸಿದೆ, ಎಣ್ಣೆ ತೆಳು ಮಾಡಿದೆ, ಬ್ಯಾಟರಿಯನ್ನೂ ಸರಿಸಿದೆ. ಟ್ರಕ್ಕು ಸೊಗಸಾಗಿ ಹೊಳ್ಳಿತು. ಮಧ್ಯಾಹ್ನ ಬಾಲ ಬೀಸತೊಡಗಿತು. ಮೂರರಲ್ಲಿ ಯಾವುದು ಗುಣ ಮಾಡಿತು, ಯಾವುದು ಕೆಡಿಸಿತು ಎಂದು ಅವನು ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಮೂರು ಔಷಧಿ ಒಟ್ಟಿಗೆ ಕುಡಿಸಿದ ವೈದ್ಯನ ಪಾಡು ನನ್ನದಾಯಿತು.

ಎರಡನೆಯ ಭಾನುವಾರ ಒಂದು ನಿಯಮ ಹಾಕಿಕೊಂಡೆವು. ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಿಸುವ ಮೊದಲು ಐದು ಸುತ್ತಿನ ಹೊತ್ತು ಬರೆದುಕೊಳ್ಳುವುದು, ಬದಲಿಸಿ ಐದು ಸುತ್ತು. ಆಮೇಲೆ ಹಳೆಯದಕ್ಕೇ ಮರಳಿ ಮತ್ತೆ ಐದು ಸುತ್ತು. ಈ ಮೂರನೆಯದನ್ನು ಎಲ್ಲರೂ ಬಿಡುತ್ತಾರೆ. ಇಡೀ ವಿದ್ಯೆ ಇರುವುದು ಅದರಲ್ಲೇ. ಹಳೆಯದಕ್ಕೆ ಮರಳಿದಾಗಲೂ ಹೊತ್ತು ಕಡಿಮೆಯಾಗಿಯೇ ಉಳಿದರೆ ಸುಧಾರಿಸಿದ್ದು ಗಾಡಿಯಲ್ಲ, ಕಣವೋ ಬೆರಳೋ ಎಂದು ತಿಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಹತ್ತಿರ ಉತ್ತರಗಳಿದ್ದವು. ತೆಳು ಎಣ್ಣೆ ನಿಜಕ್ಕೂ ಕೆಲಸ ಮಾಡಿತ್ತು. ಮುಂದಿನ ಮೆದು ಸ್ಪ್ರಿಂಗೂ ಮಾಡಿತ್ತು. ಬ್ಯಾಟರಿಯನ್ನು ಮುಂದಕ್ಕೆ ಸರಿಸಿದ್ದೇ ಬಾಲ ಬೀಸಲು ಕಾರಣ, ಅದನ್ನು ಮೊದಲಿನ ಜಾಗಕ್ಕೇ ಕೂರಿಸಿದೆವು. ಪಂದ್ಯದಲ್ಲಿ ಹುಡುಗ ಎರಡನೆಯವನಾದ. ಮೊದಲು ಬಂದದ್ದು ಎಲ್ಲಕ್ಕಿಂತ ಅಗ್ಗದ, ಸ್ಪ್ರಿಂಗು ಹಳತಾಗಿ ಮೆದುವಾಗಿದ್ದ ಟ್ರಕ್ಕು.

ಸಂಜೆ ಅವನು ಹೊರದೇಶದ ಆ ಸೆಟಪ್ ಶೀಟನ್ನು ಮತ್ತೆ ತೆರೆದ. ಸ್ಪ್ರಿಂಗು, ಎಣ್ಣೆ, ಕೋನಗಳ ಮನೆಗಳನ್ನೆಲ್ಲ ಅವನು ನಕಲು ಮಾಡಿದ್ದ. ಎಲ್ಲಕ್ಕಿಂತ ಮೇಲೆ, ಹೆಸರು ತಾರೀಖಿನ ಕೆಳಗೆ, ಒಂದು ಸಾಲಿನಲ್ಲಿ ಸಣ್ಣ ಸಣ್ಣ ಚೌಕಗಳಿದ್ದವು: ಒಳಾಂಗಣವೋ ಬಯಲೋ, ಒದ್ದೆಯೋ ಧೂಳೋ, ನುಣುಪೋ ಒರಟೋ, ಹಿಡಿತ ಹೆಚ್ಚೋ ಕಡಿಮೆಯೋ. ಚಾಂಪಿಯನ್ ಮೊದಲು ಗುರುತು ಹಾಕಿದ್ದು ಆ ಸಾಲಿಗೆ. ಇವನು ಬಿಟ್ಟದ್ದೂ ಅದೊಂದೇ ಸಾಲು.

ಹುಡುಗ ಒಂದು ನೋಟ್‌ಬುಕ್ ತಂದು ಗೀಟು ಹಾಕಿದ. ಮೊದಲ ಮನೆಯಲ್ಲಿ ಸ್ಪ್ರಿಂಗು ಯಾವುದೆಂದು ಬರೆಯಲಿಲ್ಲ. ಗದ್ದೆಗಿಳಿದು, ಒಂದು ಹಿಡಿ ಮಣ್ಣೆತ್ತಿ, ಮುಷ್ಟಿಯಲ್ಲಿ ಹಿಸುಕಿ ಬಿಟ್ಟು ನೋಡಿದ. ಬಿತ್ತುವ ಮೊದಲು ಅವನ ಅಜ್ಜ ಹಾಗೆಯೇ ನೋಡುತ್ತಿದ್ದರು. ಆಮೇಲೆ ಬರೆದ: “ಮ್ಯಾಲ ಹುಡಿ, ಕೆಳಗ ಗಟ್ಟಿ, ಕೂಳಿ ಅದಾವು. ಸಂಜಿ ನಾಲ್ಕು.”